ಭಟ್ಟಿ ಆರಿದ ಮಳೆಗಾಲ

ಮೇಸ್ತ್ರಿ ಬೇಕರಿಯ ಭಟ್ಟಿಯ ಬಾಗಿಲು ತೆರೆದು, ಮುಖಕ್ಕೆ ಹೊಡೆದ ಬಿಸಿಗೆ ಕಣ್ಣು ಕಿರಿದು ಮಾಡಿಕೊಂಡು, ಒಳಗಿನ ಕಮಾನಿನ ಮೇಲೆ ಟಾರ್ಚು ಆಡಿಸಿದ. ಬಾಗಿಲು ಮುಚ್ಚಿ, "ಈ ಮಳೆಗಾಲ ಬೆಂಕಿ ಆರಿಸಲೇಬೇಕು. ಇಲ್ದಿದ್ರೆ ಒಂದು ದಿನ ಕಮಾನು ಪೂರ್ತಿ ಬಂದು ನಿಮ್ಮ ಬ್ರೆಡ್ಡಿನ ಮೇಲೆ ಕೂರುತ್ತೆ" ಎಂದು ಹೇಳಿ, ಟೀ ಕುಡಿದು ಹೋದ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಬೇಕರಿಯಮ್ಮ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ಹಾಗಾದ್ರೆ ನಾನು ಕಾಶಿಗೆ ಹೋಗ್ತೀನಿ. ಕಾಶಿ, ಪ್ರಯಾಗ, ಹರಿದ್ವಾರ. ಮೂರೂ."

ಮಗ ಬೇಳೆ ಬಡಿಸಿಕೊಳ್ಳುತ್ತಿದ್ದವನು ಸೌಟು ಹಿಡಿದೇ ಕೂತ. ಸೊಸೆ ಅತ್ತೆಯ ಮುಖ ನೋಡಿದಳು. ಮೊಮ್ಮಗಳು ಫೋನಿನಿಂದ ಕಣ್ಣು ಕಿತ್ತಳು. ಯಜಮಾನರು ಮಾತ್ರ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ.

"ಭಟ್ಟಿಗೂ ಕಾಶಿಗೂ ಏನಮ್ಮ ಸಂಬಂಧ?" ಎಂದ ಮಗ.

"ಭಟ್ಟಿ ಉರೀತಿರೋವಾಗ ಈ ಮನೆಯಿಂದ ಯಾರಾದ್ರೂ ಎರಡು ದಿನ ಹೊರಗೆ ಹೋಗಿದ್ದು ನೋಡಿದ್ದೀಯಾ?"

ಮಗ ನೋಡಿರಲಿಲ್ಲ. ಅಂಗಡಿಯ ಹಿಂದಿನ ಆ ಇಟ್ಟಿಗೆ ಭಟ್ಟಿ ಸೌದೆಯಲ್ಲಿ ಉರಿಯುವಂಥದ್ದು. ಒಮ್ಮೆ ತಣ್ಣಗಾದರೆ ಮತ್ತೆ ಬಿಸಿಯೇರುವಾಗ ಇಟ್ಟಿಗೆ ಬಿರಿಯುತ್ತವೆ. ಹಾಗಾಗಿ ಅದನ್ನು ಆರಲು ಬಿಡುವುದಿಲ್ಲ. ಕೆಲಸವಿಲ್ಲದ ದಿನವೂ ಬೆಂಕಿ ಕಾಯಬೇಕು. ಕಮಾನು ಸವೆದು ಇಟ್ಟಿಗೆ ಉದುರತೊಡಗಿದಾಗ ಮಾತ್ರ, ಹದಿನೈದು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ಒಂದು ಸಲ, ಬೆಂಕಿ ಎಳೆದು ಹೊಸದಾಗಿ ಕಟ್ಟಿಸುತ್ತಾರೆ. ಅದೂ ಮಳೆಗಾಲದಲ್ಲೇ. ಆಗ ಬ್ರೆಡ್ಡು ಬೇಗ ಬೂಸಲು ಹಿಡಿಯುವುದರಿಂದ ವ್ಯಾಪಾರ ಕಡಿಮೆ. ಹಸಿ ಗಾಳಿಯಲ್ಲಿ ಹೊಸ ಮಣ್ಣೂ ನಿಧಾನವಾಗಿ, ಬಿರುಕು ಬಿಡದೆ ಒಣಗುತ್ತದೆ.

ಬೇಕರಿಯಮ್ಮ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಭಟ್ಟಿ ಮೂರು ಸಲ ಆರಿತ್ತು. ಮೊದಲ ಸಲ ಮಗ ಹೊಟ್ಟೆಯಲ್ಲಿದ್ದ. ಎರಡನೇ ಸಲ ಅವರ ಅತ್ತೆ ಹಾಸಿಗೆ ಹಿಡಿದಿದ್ದರು. ಮೂರನೇ ಸಲ ಸೊಸೆಯ ಬಾಣಂತನ.

"ಇನ್ನೊಂದು ಸಲ ಆರೋ ಹೊತ್ತಿಗೆ ನನಗೆ ಎಂಬತ್ತು ದಾಟಿರುತ್ತೆ" ಎಂದರು. "ಆಗ ನನ್ನನ್ನ ಹೊತ್ಕೊಂಡು ಹೋಗ್ತೀಯಾ?"

"ಮಳೆಗಾಲದಲ್ಲಿ ಅಲ್ಲಿ ನದಿ ತುಂಬಿರುತ್ತೆ. ದೋಣಿ ಬಿಡಲ್ಲ. ಮೆಟ್ಟಿಲೆಲ್ಲ ಮುಳುಗಿರುತ್ತೆ. ಚಳಿಗಾಲದಲ್ಲಿ ಟೂರ್ ಬಸ್ಸಿನವರ ಜೊತೆ ಕಳಿಸ್ತೀನಿ."

"ಚಳಿಗಾಲದಲ್ಲಿ ನೀನು ದಿನಕ್ಕೆ ಮೂರು ಸಲ ಹಿಟ್ಟು ನಾದ್ತೀಯ. ಆಗ ಬನ್ನು ಉಂಡೆ ಕಟ್ಟೋರು ಯಾರು? ಟೂರ್ ಬಸ್ಸಿನವರಾ?"

ಮೊಮ್ಮಗಳು ಕಿಸಕ್ಕೆಂದಳು. ಮಗ ಅಪ್ಪನ ಕಡೆ ತಿರುಗಿದ. "ಅಪ್ಪ, ನೀನಾದ್ರೂ ಹೇಳು."

ಯಜಮಾನರು ಕೈ ತೊಳೆಯಲು ಎದ್ದರು. ವಯಸ್ಸು ಎಪ್ಪತ್ತನ್ನು ದಾಟಿ ಕೈ ನಡುಗಲು ಶುರುವಾದ ಮೇಲೆ ಅವರು ಬ್ರೆಡ್ಡು ಬೇಯಿಸುವುದನ್ನು ಮಗನಿಗೆ ಬಿಟ್ಟಿದ್ದರು; ಭಟ್ಟಿಯ ಪಕ್ಕದ ಸ್ಟೂಲನ್ನು ಮಾತ್ರ ಬಿಟ್ಟಿರಲಿಲ್ಲ. ಬಾಗಿಲ ಹತ್ತಿರ ಅಂಗೈ ಹಿಡಿದು, ಒಳಗೆ ಬ್ರೆಡ್ಡು ಇಡುವ ಹದ ಬಂತೋ ಇಲ್ಲವೋ ಹೇಳುವುದು ಇವತ್ತಿಗೂ ಅವರೇ.

"ನಂಗೆ ಎಲ್ಲಿಗೂ ಬೇಡ. ಭಟ್ಟಿ ಬಾಗಿಲೇ ನನ್ನ ಕಾಶಿ" ಎಂದರು.

"ಆ ಕಾಶಿಯಲ್ಲಿ ನಾನು ಬೇಕಾದಷ್ಟು ಬೆವರಿನ ಸ್ನಾನ ಮಾಡಿದ್ದೀನಿ" ಎಂದರು ಬೇಕರಿಯಮ್ಮ. "ಈಗ ನೀರಿನ ಸ್ನಾನ ಬೇಕು."

ಮರುದಿನದಿಂದ ಅವರು ಸಂಜೆ ಹೊತ್ತು ಕೊಡೆ ಹಿಡಿದು ನಡೆಯಲು ಹೊರಟರು. ಬಸ್ ನಿಲ್ದಾಣದವರೆಗೆ ಹೋಗಿ ಬರುವುದು, ಮಂಡಿ ನೋವೆನಿಸಿದರೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಮತ್ತೆ ಏಳುವುದು. ಮೊಮ್ಮಗಳಿಗೆ ಟಿಕೆಟ್ಟಿನ ಕೆಲಸ ಒಪ್ಪಿಸಿದರು. ಕಾಲೇಜಿನಿಂದ ಬಂದವಳೇ ಅವಳು ಅಜ್ಜಿಯ ಪಕ್ಕ ಕೂತು ಫೋನಿನಲ್ಲಿ ರೈಲು ಹುಡುಕುವಳು. ಅಪ್ಪ ಒಳಗೆ ಬಂದರೆ ನದಿಯ ಸುದ್ದಿ ಓದುವಳು.

"ಅಜ್ಜಿ, ಪ್ರಯಾಗದಲ್ಲಿ ನೀರು ನಿನ್ನೆಗಿಂತ ಮೇಲೆ ಬಂದಿದೆಯಂತೆ."

"ಬರಲಿ. ನಾನು ನೋಡೋಕೆ ಹೋಗ್ತಿರೋದು ನೀರನ್ನೇ ಅಲ್ವಾ?"

"ಹರಿದ್ವಾರದ ರಸ್ತೆ ಬಂದ್ ಆಗುತ್ತಂತೆ. ಗಂಗೆಯ ನೀರಿಗೆ ಕಾವಡಿ ಹೊತ್ತವರು ಲಕ್ಷಗಟ್ಟಲೆ ನಡ್ಕೊಂಡು ಬರ್ತಾರಂತೆ."

"ಅವರು ನಡೀಬಹುದು, ನಾನು ನಡೀಬಾರದಾ?"

ಮಗ ಬಾಗಿಲಲ್ಲೇ ನಿಂತು ಕೇಳಿ, ಹಿಟ್ಟಿನ ಚೀಲದ ಮೇಲೆ ಕೋಪ ತೀರಿಸಿಕೊಂಡು ಹೋಗುತ್ತಿದ್ದ.

ಅವನ ತಲೆಬಿಸಿ ನದಿಯದ್ದಲ್ಲ. ಊರಾಚೆಯ ಹಾಸ್ಟೆಲ್ಲಿಗೆ ಬೆಳಗಿನ ಬ್ರೆಡ್ಡು ಈ ಬೇಕರಿಯಿಂದ ಹೋಗುತ್ತಿತ್ತು. ಇತ್ತೀಚೆಗೆ ಕಾರ್ಖಾನೆಯ ಬ್ರೆಡ್ಡಿನ ವ್ಯಾನು ಆ ರಸ್ತೆಯಲ್ಲಿ ಓಡಾಡತೊಡಗಿತ್ತು. ಭಟ್ಟಿ ಆರಿದ ವಾರಗಳಲ್ಲಿ ವ್ಯಾನು ಹಾಸ್ಟೆಲ್ಲಿನ ಗೇಟಿನೊಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ ಎನ್ನುವುದು ಅವನ ಲೆಕ್ಕ. ಲೆಕ್ಕ ತಪ್ಪಾಗಿರಲೂ ಇಲ್ಲ.

ಜೊತೆಗೆ ಯಾರು ಹೋಗುವುದು ಎಂಬ ಮಾತು ಬಂದದ್ದು ಒಂದು ಮಧ್ಯಾಹ್ನ, ಅತ್ತೆ ಸೊಸೆ ಇಬ್ಬರೂ ರಸ್ಕಿನ ತಟ್ಟೆ ಉಜ್ಜುತ್ತಿದ್ದಾಗ.

"ನೀನು ಬರ್ತೀಯಾ?" ಎಂದರು ಬೇಕರಿಯಮ್ಮ.

ಸೊಸೆ ಉಜ್ಜುವುದನ್ನು ನಿಲ್ಲಿಸಿದಳು. ಇಡೀ ದಿನ ಅಂಗಡಿಯ ಕೌಂಟರಿನ ಹಿಂದೆ ನಿಂತು ಗಿರಾಕಿಗಳ ಜೊತೆ ಮಾತಾಡುವುದರಿಂದಲೋ ಏನೋ ಮನೆಯೊಳಗೆ ಅವಳ ಮಾತು ಕಡಿಮೆ.

"ಈ ಮನೆಯಲ್ಲಿ ನನ್ನನ್ನ ಹೀಗೆ ಯಾರೂ ಕೇಳಿರಲಿಲ್ಲ ಅತ್ತೆ."

"ಕೇಳಿದೆನಲ್ಲ ಈಗ. ಹೂಂ ಅನ್ನು, ಉಹೂಂ ಅನ್ನು."

"ಹೂಂ."

ಸಂಜೆಗೆ ಮನೆ ರಣರಂಗವಾಯಿತು.

"ಇಬ್ಬರೂ ಹೋದ್ರೆ ಮನೆ ಯಾರು ನೋಡ್ಕೋತಾರೆ? ಅಡುಗೆ? ಅಪ್ಪ?" ಮಗನ ದನಿ ಬೀದಿಗೆ ಕೇಳಿಸುವಂತಿತ್ತು.

"ದಿನಾ ಮೂಟೆ ಮೂಟೆ ಹಿಟ್ಟು ನಾದೋನಿಗೆ ಒಂದು ಪಾವು ಅಕ್ಕಿ ಬೇಯಿಸೋದು ಭಾರವಾ?"

"ಅಕ್ಕಿ ವಿಷಯ ಅಲ್ಲಮ್ಮ..."

"ಮತ್ತೆ ಯಾವ ವಿಷಯ? ಪಾತ್ರೆಯದ್ದಾ? ಅದನ್ನ ನಿನ್ನ ಮಗಳು ತೊಳೀತಾಳೆ."

"ನಾನಾ?" ಎಂದಳು ಮೊಮ್ಮಗಳು, ಒಮ್ಮೆಗೇ ಅಪ್ಪನ ಪಕ್ಷ ಸೇರಿ. "ಅಜ್ಜಿ, ನದಿಯಲ್ಲಿ ನೀರು ಜಾಸ್ತಿ ಇದೆ, ಯೋಚನೆ ಮಾಡು."

"ಟಿಕೆಟ್ ಎರಡು ಮಾಡು" ಎಂದರು ಬೇಕರಿಯಮ್ಮ. "ಅಪ್ಪನ ಮುಖ ನೋಡ್ಬೇಡ, ಫೋನ್ ನೋಡು."

ಟಿಕೆಟ್ ಎರಡಾಯಿತು.

ಕೊನೆಯ ಬ್ರೆಡ್ಡು ಹೊರಬಂದ ದಿನ ಮಗನೇ ಕೆಂಡ ಎಳೆದ. ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಅಂಗಳಕ್ಕೆ ಹೋಗಿ, ಮಳೆಯಲ್ಲಿ ಸುಂಯ್‌ಗುಟ್ಟಿ ಕಪ್ಪಾಯಿತು. ಯಜಮಾನರು ಸ್ಟೂಲಿನ ಮೇಲೆ ಕೂತೇ ಇದ್ದರು. ಬಾಗಿಲು ತೆರೆದೇ ಇತ್ತು; ಅಂಗೈ ಹಿಡಿಯಲು ಏನೂ ಇರಲಿಲ್ಲ.

ಭಟ್ಟಿ ಆರಿದ ಮೇಲೆ ಮನೆ ಬೇರೆಯೇ ಆಯಿತು. ಮಲಗುವ ಕೋಣೆಯ ಗೋಡೆಯೇ ಭಟ್ಟಿಯ ಬೆನ್ನು. ಆ ಗೋಡೆಗೆ ಹಾಸಿಗೆ ತಾಗಿಸಿ ಮಲಗಿದರೆ ಕಂಬಳಿ ಬೇಡ, ಅದರ ಮುಂದೆ ಬಟ್ಟೆ ಹರವಿದರೆ ಬಿಸಿಲು ಬೇಡ. ಈಗ ಗೋಡೆ ಬೆವರತೊಡಗಿತು. ಒಗೆದ ಬಟ್ಟೆ ಮೂರು ದಿನವಾದರೂ ಒದ್ದೆ. ಉಪ್ಪು ನೀರಾಯಿತು. ಬೆಳಗಿನ ಜಾವ ಏಳುವ ಅಭ್ಯಾಸ ಮಾತ್ರ ಯಾರಿಗೂ ತಪ್ಪಲಿಲ್ಲ. ಮಾಡಲು ಕೆಲಸವಿಲ್ಲದೆ ಎಲ್ಲರೂ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, "ನೀನ್ಯಾಕೆ ಎದ್ದೆ?" ಎಂದು ಬೈದುಕೊಂಡು, ಒಟ್ಟಿಗೆ ಟೀ ಕುಡಿಯುತ್ತಿದ್ದರು.

ಊಟಕ್ಕೂ ಈಗ ಒಟ್ಟಿಗೇ ಕೂರುವುದು. ಮುಂಚೆ ಒಬ್ಬರು ಉಣ್ಣುವಾಗ ಇನ್ನೊಬ್ಬರು ಬೆಂಕಿಯ ಮುಂದೆ ಇರುತ್ತಿದ್ದರು, ಜಗಳಕ್ಕೆ ಪುರುಸೊತ್ತು ಇರುತ್ತಿರಲಿಲ್ಲ. ಈಗ ಇತ್ತು.

"ಇವಳು ಸೊಪ್ಪಿಗೆ ಉಪ್ಪೇ ಹಾಕಿಲ್ಲ" ಎನ್ನುವರು ಯಜಮಾನರು.

"ಹಾಕಿದ್ದೀನಿ. ನಿಮ್ಮ ನಾಲಿಗೆಗೆ ಹೊಗೆ ಬೇಕು, ಅದು ಸಿಗ್ತಿಲ್ಲ" ಎನ್ನುವರು ಬೇಕರಿಯಮ್ಮ.

ಮೇಸ್ತ್ರಿ ತನ್ನ ಆಳಿನ ಜೊತೆ ಬಂದು ಹಳೆಯ ಕಮಾನು ಕೆಡವಿದ. ಮರದ ಅಚ್ಚು ನಿಲ್ಲಿಸಿ, ಬೆಂಕಿ ತಾಳುವ ಇಟ್ಟಿಗೆಗಳನ್ನು ಒಂದಕ್ಕೊಂದು ಆನಿಸಿ ಹೊಸ ಕಮಾನು ಕಟ್ಟಿದ. ಕೆಲವು ದಿನ ಬಿಟ್ಟು ಅಚ್ಚು ತೆಗೆದ. ಕಮಾನು ಕೆನ್ನೆ ಊದಿಸಿದ ಹಾಗೆ ನುಣ್ಣಗೆ ನಿಂತಿತ್ತು.

"ನಾನು ಬಂದು ಹೇಳೋವರೆಗೆ ಒಳಗೆ ಬೆಂಕಿಕಡ್ಡಿ ಕೂಡ ಗೀರಬಾರದು" ಎಂದ.

"ನಮಗೆ ಹೇಳಿಕೊಡ್ತೀಯಾ?" ಎಂದರು ಯಜಮಾನರು. ಅವರ ಅಪ್ಪ ಕಟ್ಟಿಸಿದ ಭಟ್ಟಿ ಅದು.

ಅಂದು ಸಂಜೆ ಹಾಸ್ಟೆಲ್ಲಿನಿಂದ ಫೋನು ಬಂತು. ವಾರ್ಡನ್ನು ಒಳ್ಳೆಯ ಮಾತಿನಲ್ಲೇ ಹೇಳಿದಳು: ನೀವು ಭಟ್ಟಿ ಆರಿಸುವ ಮೊದಲು ಕೊಟ್ಟ ರಸ್ಕು ಮುಗಿಯುತ್ತಾ ಬಂತು, ಹುಡುಗಿಯರಿಗೆ ಬೆಳಿಗ್ಗೆ ಏನಾದರೂ ಕೊಡಲೇಬೇಕು, ಬರುವ ವಾರ ಬ್ರೆಡ್ಡು ಬರದಿದ್ದರೆ ವ್ಯಾನಿನವರಿಗೆ ಹೇಳುತ್ತೇನೆ.

ಮಗ ಊಟದಲ್ಲಿ ಅನ್ನ ಕೆದಕುತ್ತಾ, "ಒಳಗೆ ನಾಲ್ಕು ದಿನ ಸಣ್ಣ ಬೆಂಕಿ ಇಟ್ರೆ ಬೇಗ ಒಣಗುತ್ತೆ ಅನ್ನಿಸುತ್ತೆ" ಎಂದ.

ಬೇಕರಿಯಮ್ಮ ಅವನನ್ನು ನೋಡಿದ ನೋಟಕ್ಕೆ ಅವನೇ, "ಸುಮ್ನೆ ಅಂದೆ" ಎಂದ.

ಪ್ರಯಾಣಕ್ಕೆ ಇನ್ನು ಕೆಲವೇ ದಿನ ಇದ್ದವು. ಬ್ಯಾಗು ಎರಡು ಬಂದವು, ಮಳೆಯ ಕೋಟು ಎರಡು ಬಂದವು. ಸೊಸೆ ತನ್ನ ಕೋಟನ್ನು ಹಾಕಿ ಕನ್ನಡಿಯ ಮುಂದೆ ನಿಂತಾಗ ಗಂಡ, "ಟ್ರಾಫಿಕ್ ಪೊಲೀಸಿನ ಹಾಗೆ ಕಾಣ್ತೀಯ" ಎಂದ. ಎಷ್ಟೋ ದಿನದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು. ಅವಳು ಕೈ ಅಡ್ಡ ಹಿಡಿದು ಅವನನ್ನು ಬಾಗಿಲಲ್ಲೇ ನಿಲ್ಲಿಸಿದಳು.

ಆ ವಾರದ ಒಂದು ಬೆಳಿಗ್ಗೆ ಬೇಕರಿಯಮ್ಮನಿಗೆ ಎಚ್ಚರವಾದಾಗ ಬೆಳಕು ಹರಿದಿತ್ತು. ಅಷ್ಟು ಹೊತ್ತು ಮಲಗಿದ್ದು ಅವರಿಗೇ ನಂಬಲಾಗಲಿಲ್ಲ. ಸೊಂಟ ಹಿಡಿದಿರಲಿಲ್ಲ, ಮಂಡಿ ಚುಚ್ಚುತ್ತಿರಲಿಲ್ಲ, ಕಂಬಳಿ ಕಾಲ ಬುಡಕ್ಕೆ ಜಾರಿತ್ತು. ಇಂಥ ನಿದ್ದೆ ಬಂದು ಎಷ್ಟು ದಿನವಾಗಿತ್ತು ಎಂದುಕೊಳ್ಳುತ್ತಾ ಮಗ್ಗುಲಾಗಿ ಗೋಡೆಗೆ ಕೈ ಚಾಚಿದರು.

ಗೋಡೆ ಬೆಚ್ಚಗಿತ್ತು.

ಅವರು ಎದ್ದು ಓಡಿದರು. ಭಟ್ಟಿಯ ಬಾಗಿಲು ತೆರೆದರೆ ಒಳಗೆ ಬೂದಿ, ಬೂದಿಯ ನಡುವೆ ಇನ್ನೂ ಕಣ್ಣು ಬಿಡುತ್ತಿದ್ದ ಕೆಂಡ. ಬಾಯಿಯ ಕಡೆಯ ಅರ್ಧ ಕಮಾನಿನಲ್ಲಿ ಬೆರಳು ತೂರುವಷ್ಟು ಬಿರುಕು. ಇಟ್ಟಿಗೆ ಕೆಲವು ಕೆಳಗೆ ಬಿದ್ದಿದ್ದವು, ಉಳಿದವು ಬೀಳಲು ಹೊಂಚು ಹಾಕಿದ್ದವು.

"ಏಯ್! ಎದ್ದು ಬಾರೋ ಇಲ್ಲಿ!"

ಮಗ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದ. ಹಿಂದೆ ಸೊಸೆ, ಅವಳ ಹಿಂದೆ ಮೊಮ್ಮಗಳು. ಯಜಮಾನರು ಕೊನೆಗೆ ಬಂದು ಬಾಗಿಲಲ್ಲಿ ನಿಂತರು.

"ಏನು ಮಾಡಿದೆ ನೋಡು. ತೃಪ್ತಿ ಆಯ್ತಾ?"

ಮಗ ಬಗ್ಗಿ ಒಳಗೆ ನೋಡಿದ. ಬ್ರಷ್ಷು ತೆಗೆದ. "ನಾನಲ್ಲ."

"ಮೊನ್ನೆ ಊಟದಲ್ಲಿ ಸಣ್ಣ ಬೆಂಕಿ ಅಂದಿದ್ದು ಯಾರು? ಬೀದಿಯವರಾ?"

"ಅಂದಿದ್ದು ನಾನೇ. ಹಾಕಿದ್ದು ನಾನಲ್ಲ."

"ನನ್ನ ಪ್ರಯಾಣ ತಪ್ಪಿಸೋಕೆ ಇಷ್ಟು ಮಾಡಿದೆಯಲ್ಲ. ಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ಮುಗೀತಿತ್ತು."

"ಮೊದಲ ದಿನದಿಂದ ಬೇಡ ಅಂತಾನೇ ಹೇಳ್ತಿದ್ದೀನಿ! ನೀನೆಲ್ಲಿ ಕೇಳಿದೆ?"

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ಬಾಗಿಲ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿ, ಮುಖ ತೊಳೆದು, ಟೀ ಕೂಡ ಕುಡಿಯದೆ ಮೇಸ್ತ್ರಿಯನ್ನು ಕರೆತರಲು ಹೊರಟುಹೋದ. ಮಳೆಯಲ್ಲಿ ಸ್ಕೂಟರು ಮೂರು ಸಲ ಒದ್ದ ಮೇಲೆ ಹೊರಟಿತು.

ಮನೆಯಲ್ಲಿ ಮಧ್ಯಾಹ್ನದವರೆಗೆ ಪಾತ್ರೆಗಳದ್ದೇ ಮಾತು. ಬೇಕರಿಯಮ್ಮ ಒಂದೊಂದನ್ನೂ ಕುಕ್ಕಿ ಇಡುತ್ತಿದ್ದರು. ಊಟಕ್ಕೆ ಕೂತಾಗ ಮಗನ ಜಾಗ ಖಾಲಿಯಿತ್ತು. ಯಜಮಾನರು ಅನ್ನ ಕಲಸಿದರು, ಬಾಯಿಗಿಡಲಿಲ್ಲ.

"ಅವನಲ್ಲ" ಎಂದರು.

"ಮತ್ತೆ?"

"ನಾನು."

ಸೊಸೆ ಬಡಿಸುತ್ತಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು.

"ಚಳಿ ಆಗ್ತಿತ್ತು" ಎಂದರು ಯಜಮಾನರು.

"ಚಳಿಯಾದ್ರೆ ಕಂಬಳಿ ಇರಲಿಲ್ವಾ?"

"ಹೊದ್ಕೊಂಡೇ ಇದ್ದೆ. ಅದು ಹೊದಿಕೆಗೆ ಹೋಗೋ ಚಳಿ ಅಲ್ಲ. ಗೋಡೆ ಹೆಣದ ಹಾಗೆ ತಣ್ಣಗಿದೆ, ಹೇಗೆ ಮಲಗೋದು?" ತಟ್ಟೆಯನ್ನು ಸ್ವಲ್ಪ ದೂರ ಸರಿಸಿದರು. "ನಾಲ್ಕು ಕಡ್ಡಿ ಅಷ್ಟೆ ಹಾಕಿದ್ದು."

"ನಾಲ್ಕು ಕಡ್ಡಿಗೆ ಗೋಡೆ ಬೆಚ್ಚಗಾಗುತ್ತಾ?"

"ಆಮೇಲೆ ಇನ್ನೊಂದು ನಾಲ್ಕು."

"ಆಮೇಲೆ?"

"ಆಮೇಲೆ ಎಣಿಸಲಿಲ್ಲ."

ಮೊಮ್ಮಗಳು ನಗು ತಡೆಯಲು ನೀರಿನ ಲೋಟದೊಳಗೆ ಮುಖ ಮುಚ್ಚಿಕೊಂಡಳು. ಬೇಕರಿಯಮ್ಮ ನಗಲಿಲ್ಲ.

"ಹಸಿ ಕಮಾನಿಗೆ ಬೆಂಕಿ ತೋರಿಸಬಾರದು ಅಂತ ಮಗನಿಗೆ ಕಲಿಸಿದ್ದು ಯಾರು? ನನಗೆ ಕಲಿಸಿದ್ದು ಯಾರು?"

"ನಾನೇ."

"ನಲವತ್ತು ವರ್ಷದ ಮೇಲಾಯ್ತು ನಾನು ಕಾಯ್ತಿರೋದು. ನಿಮಗೆ ಎರಡು ವಾರ ಕಾಯೋಕೆ ಆಗಲಿಲ್ಲ."

ಯಜಮಾನರು ಕೈ ತೊಳೆದು ಸ್ಟೂಲಿನ ಕಡೆ ನಡೆದರು.

ಮಗ ಮೇಸ್ತ್ರಿಯನ್ನು ಕರೆದುಕೊಂಡು ಬಂದಾಗ ಮೂರು ಗಂಟೆಯಾಗಿತ್ತು. ಮೇಸ್ತ್ರಿ ಭಟ್ಟಿಯೊಳಗೆ ತಲೆ ಹಾಕಿ, ನಾಲಿಗೆ ಲೊಚಗುಟ್ಟಿ, "ಮುಂದಿನ ಅರ್ಧ ಮತ್ತೆ ಕಟ್ಟಬೇಕು. ಮತ್ತೆ ಒಣಗಬೇಕು" ಎಂದ. ಯಾರು ಬೆಂಕಿ ಹಾಕಿದ್ದು ಎಂದು ಕೇಳಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದವರ ಮುಖ ನೋಡಿದರೆ ಸಾಕಿತ್ತು.

ಬೇಕರಿಯಮ್ಮ ಮಗನ ತಲೆಗೆ ಟವೆಲ್ಲು ಕೊಟ್ಟರು. ತಟ್ಟೆ ಹಾಕಿ ತಾವೇ ಬಡಿಸಿದರು.

"ಅಪ್ಪ ಅಂತ ನಿಂಗೆ ಗೊತ್ತಿತ್ತು ಅಲ್ವಾ?"

"ಬಾಗಿಲಲ್ಲಿ ನಿಂತಿದ್ದು ನೋಡಿದ ತಕ್ಷಣ ಗೊತ್ತಾಯ್ತು."

"ಗೊತ್ತಿದ್ದೂ ಬೈಸಿಕೊಂಡೆಯಾ?"

"ನಿನ್ನ ಬೈಗುಳ ನನಗೆ ಅಭ್ಯಾಸ ಇದೆ. ಅಪ್ಪನಿಗಿಲ್ಲ."

ಬೇಕರಿಯಮ್ಮ ಅವನ ಅನ್ನದ ಮೇಲೆ ಇನ್ನೊಂದು ಸೌಟು ಬೇಳೆ ಹಾಕಿದರು. ಕ್ಷಮೆ ಕೇಳುವುದು ಅವರಿಗೆ ಅಷ್ಟೇ ಬರುತ್ತಿದ್ದದ್ದು.

ಹೊಟ್ಟೆ ತುಂಬಿದ ಮೇಲೆ ಮಗ ಮೆಲ್ಲಗೆ ವಿಷಯಕ್ಕೆ ಬಂದ. "ಅಮ್ಮ, ಟಿಕೆಟ್ ವಾಪಸ್ ಮಾಡಿಬಿಡೋಣ. ಇಂಥ ಹೊತ್ತಿನಲ್ಲಿ ಹೇಗೆ ಹೋಗ್ತೀಯ?"

"ರೈಲಿನಲ್ಲಿ."

"ತಮಾಷೆ ಬೇಡ. ಭಟ್ಟಿ ಒಡೆದು ಕೂತಿದೆ."

"ಒಡೆದಿದ್ದು ಕಮಾನು. ನನ್ನ ಕಾಲಲ್ಲ. ನಾನಿಲ್ಲಿ ಕೂತು ನೋಡ್ತಿದ್ರೆ ಮಣ್ಣು ಬೇಗ ಒಣಗುತ್ತಾ?"

"ಹಾಸ್ಟೆಲ್ಲು ಕೈಬಿಟ್ಟು ಹೋಗುತ್ತೆ."

ಇಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ ಸೊಸೆ ಬಾಯಿಬಿಟ್ಟಳು. "ಎದುರು ಬೇಕರಿಯವನ ಓವನ್ನು ಮಧ್ಯಾಹ್ನದ ಮೇಲೆ ಖಾಲಿ ಇರುತ್ತೆ. ಹಾಸ್ಟೆಲ್ಲಿನ ಬ್ರೆಡ್ಡು ಅಲ್ಲಿ ಬೇಯಿಸಿಕೊಳ್ಳಬಹುದಲ್ಲ."

ಮಗ ಅವಳನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ರಸ್ತೆಯ ಆಚೆ ಬದಿಯ ಬೇಕರಿಯವನ ಜೊತೆ ಈ ಮನೆಯವರಿಗೆ ಮಾತಿರಲಿಲ್ಲ. ಅವನು ಕರೆಂಟಿನ ಓವನ್ನು ತಂದ ದಿನ ಯಜಮಾನರು ಗಿರಾಕಿಗಳೆದುರು ಅದನ್ನು "ಇಸ್ತ್ರಿ ಪೆಟ್ಟಿಗೆ" ಎಂದಿದ್ದರು.

"ಅವನ ಮುಂದೆ ಹೋಗಿ ಕೈಚಾಚಲಾ?"

"ಕೈಚಾಚೋದು ಯಾಕೆ? ನಮ್ಮ ಹಿಟ್ಟು, ನಮ್ಮ ಕೈ. ಬಾಡಿಗೆಗೆ ಕೇಳಿ. ಅವನ ಹೆಂಡತಿ ಹತ್ತಿರ ನಾನು ಮಾತಾಡಿದ್ದೀನಿ. ಆಗಲಿ ಅಂದಿದ್ದಾಳೆ."

"ಯಾವಾಗ ಮಾತಾಡಿದೆ?"

"ನೀವು ಮೇಸ್ತ್ರಿ ಮನೆಗೆ ಹೋಗಿದ್ದಾಗ. ನಮ್ಮಿಬ್ಬರದ್ದೂ ಕೌಂಟರಿನ ಹಿಂದೆ ನಿಲ್ಲೋ ಕೆಲಸ. ರಸ್ತೆಯಾಚೆಯವರ ಜೊತೆ ಜಗಳ ಇರೋದು ಗಂಡಸರಿಗೆ."

ಬೇಕರಿಯಮ್ಮ ಸೊಸೆಯನ್ನು ನೋಡಿ, ಎದ್ದು ಹೋಗಿ ಅವಳಿಗೂ ತಟ್ಟೆ ಹಾಕಿದರು.

"ಅಪ್ಪ?" ಎಂದ ಮಗ, ಕೊನೆಯ ಬಾಣ ಬಿಡುವವನಂತೆ. "ನಾನು ಎದುರು ಅಂಗಡಿಯಲ್ಲಿ ಇರ್ತೀನಿ. ಅಪ್ಪನ್ನ ಯಾರು ಕಾಯೋದು?"

"ಅಪ್ಪ ಭಟ್ಟಿ ಕಾಯ್ತಾರೆ. ನಿನ್ನ ಮಗಳು ಅಪ್ಪನ್ನ ಕಾಯ್ತಾಳೆ."

"ಪಾತ್ರೆಯೂ ನಾನೇ, ತಾತನೂ ನಾನೇ!" ಎಂದಳು ಮೊಮ್ಮಗಳು.

ಹೊರಡುವ ದಿನ ಮಳೆ ಜೋರಾಗಿತ್ತು. ಆಟೋದವನು ಹಾರ್ನು ಬಾರಿಸುತ್ತಿದ್ದ. ಮೇಸ್ತ್ರಿ ಹಿಂದಿನ ದಿನವಷ್ಟೇ ಹೊಸ ಇಟ್ಟಿಗೆ ಕೂರಿಸಿ ಮುಗಿಸಿದ್ದ. ಬೇಕರಿಯಮ್ಮ ಭಟ್ಟಿಯ ಹತ್ತಿರ ಬಂದಾಗ ಯಜಮಾನರು ಸ್ವೆಟರಿನ ಮೇಲೆ ಶಾಲು ಹೊದ್ದು ಸ್ಟೂಲಿನ ಮೇಲಿದ್ದರು.

"ಈಗ ಇನ್ನೊಂದು ಟಿಕೆಟ್ ಸಿಗುತ್ತಾ?" ಎಂದರು, ಬೇರೆ ಯಾರಿಗೋ ಕೇಳುವ ಹಾಗೆ.

"ಸಿಗುತ್ತೋ ಏನೋ. ನಿಮಗೆ ಬೇಡ."

"ನಾನು ಬಂದ್ರೆ ನಿಂಗೆ ತೊಂದರೆ ಏನು?"

"ಒಡೆದವರು ನೀವು. ಒಣಗೋವರೆಗೆ ಪಕ್ಕದಲ್ಲಿ ಕೂತಿರಿ." ಅವರು ಗಂಡನ ಶಾಲನ್ನು ಕುತ್ತಿಗೆಯವರೆಗೆ ಎಳೆದು ಹೊದಿಸಿದರು. "ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ಕಾಲ ಹತ್ತಿರ ಇಡೋಕೆ ಹೇಳಿದ್ದೀನಿ ಮೊಮ್ಮಗಳಿಗೆ. ಅದೇ ಸದ್ಯ ನಿಮ್ಮ ಭಟ್ಟಿ."

ಅತ್ತೆ ಸೊಸೆ ಮೊದಲು ಹರಿದ್ವಾರಕ್ಕೆ ಹೋದರು. ಕಾವಡಿ ಹೊತ್ತವರ ಹೊಳೆಯೇ ಹರಿಯುತ್ತಿದ್ದ ರಸ್ತೆಯಲ್ಲಿ ಅರ್ಧ ದಿನ ತಳ್ಳಿಸಿಕೊಂಡು, ದಡದ ಕಬ್ಬಿಣದ ಸರಪಳಿ ಹಿಡಿದು ಮುಳುಗೆದ್ದರು. ನೀರಿನ ಸೆಳೆತಕ್ಕೆ ಮೆಟ್ಟಿಲ ಮೇಲೆ ಬಿಟ್ಟಿದ್ದ ಬೇಕರಿಯಮ್ಮನ ಒಂದು ಚಪ್ಪಲಿ ಹೋಯಿತು. ಇನ್ನೊಂದನ್ನು ಅವರೇ ಬಿಟ್ಟರು. ಪ್ರಯಾಗದಲ್ಲಿ ಸಂಗಮದ ಬಯಲೆಲ್ಲ ನೀರಾಗಿ ದೋಣಿ ನಿಂತಿದ್ದವು. ಪೊಲೀಸರು ಹಗ್ಗ ಕಟ್ಟಿ ತೋರಿಸಿದ ಕಡೆ ಸ್ನಾನ ಮಾಡಿದರು. ರೈಲು ತಡ, ಬಸ್ಸು ತಡ. ಸೊಸೆ ಕಾದ ಹೊತ್ತಿನಲ್ಲೆಲ್ಲ ನಿದ್ದೆ ಮಾಡಿದಳು. ಮದುವೆಯಾದ ಮೇಲಿನ ನಿದ್ದೆಯ ಬಾಕಿಯನ್ನೆಲ್ಲ ತೀರಿಸುತ್ತಿದ್ದಾಳೆ ಎಂದು ಅತ್ತೆ ನಕ್ಕರು.

ಕಾಶಿಗೆ ಬಂದಾಗ ನದಿ ಮೆಟ್ಟಿಲುಗಳನ್ನೆಲ್ಲ ನುಂಗಿ ಗಲ್ಲಿಯ ಬಾಯಿಗೆ ಬಂದಿತ್ತು. ಒಂದು ಸ್ನಾನಘಟ್ಟದಿಂದ ಇನ್ನೊಂದಕ್ಕೆ ದಡದ ಮೇಲೆ ದಾರಿಯಿರಲಿಲ್ಲ. ದೋಣಿಗಳನ್ನು ಕಟ್ಟಡಗಳ ಕಂಬಗಳಿಗೆ ಕಟ್ಟಿದ್ದರು. ಸಂಜೆಯ ಆರತಿ ತಾರಸಿಯ ಮೇಲೆ ನಡೆಯುತ್ತಿತ್ತು. ನೀರಿಗೆ ಇಳಿಯಲು ಯಾರನ್ನೂ ಬಿಡುತ್ತಿರಲಿಲ್ಲ. ಬೇಕಿದ್ದರೆ ಚೊಂಬಿನಲ್ಲಿ ಮೊಗೆದು ತಲೆಗೆ ಹಾಕಿಕೊಳ್ಳಬಹುದಿತ್ತು.

"ಚೊಂಬಿನ ಸ್ನಾನ ಮನೆಯಲ್ಲೇ ಮಾಡ್ತೀನಿ" ಎಂದರು ಬೇಕರಿಯಮ್ಮ. "ನೀರು ಇಳೀಲಿ."

ನೀರು ಇಳಿಯಲಿಲ್ಲ. ದಿನಾ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಗಲ್ಲಿಯ ತುದಿಗೆ ಬಂದು, ಇನ್ನೂ ಮುಳುಗದೆ ಉಳಿದಿದ್ದ ಮೆಟ್ಟಿಲಿನ ಮೇಲೆ ಕೂತು ನೋಡಿ ಹೋಗುತ್ತಿದ್ದರು. ಹಿಂತಿರುಗುವ ರೈಲಿಗೆ ಎರಡು ದಿನ ಇದ್ದಾಗ, ಅಲ್ಲಿ ಕೂತಿದ್ದ ಹೊತ್ತಿಗೇ ಫೋನು ಬಂತು.

"ಒಣಗಿದೆ" ಎಂದರು ಯಜಮಾನರು, ಹಲೋ ಕೂಡ ಹೇಳದೆ. "ಮೇಸ್ತ್ರಿ ಬಂದು ನೋಡಿದ. ಒಂದು ಕೂದಲೆಳೆ ಬಿರುಕಿಲ್ಲ. ಬೆಂಕಿ ಹಾಕಬಹುದು ಅಂದ."

"ಬ್ರೆಡ್ಡು?"

"ಎದುರಿನವನ ಇಸ್ತ್ರಿ ಪೆಟ್ಟಿಗೆಯಲ್ಲಿ ಬೇಯ್ತಾ ಇದೆ. ಪರವಾಗಿಲ್ಲ, ತಿನ್ನಬಹುದು." ಆಮೇಲೆ ದನಿ ತಗ್ಗಿಸಿದರು. "ನೀವು ನಾಡಿದ್ದು ಹೊರಡ್ತೀರಲ್ಲ. ನೀನು ಬಂದ ಮೇಲೇ ಹಚ್ಚೋಣ ಅಂತ ಹೇಳಿದ್ದೀನಿ ಇವನಿಗೆ. ಕಾಯ್ತೀವಿ."

ಬೇಕರಿಯಮ್ಮ ನೀರನ್ನು ನೋಡಿದರು. ನಡುಹೊಳೆಯಲ್ಲಿ ಒಂದು ಇಡೀ ಮರ ಬೇರು ಮೇಲಾಗಿ ತೇಲಿ ಹೋಗುತ್ತಿತ್ತು. ಪಕ್ಕದಲ್ಲಿ ಸೊಸೆ ಮಳೆಕೋಟಿನೊಳಗೆ ಮೊಣಕಾಲು ತಬ್ಬಿ ಕೂತಿದ್ದಳು.

"ಕಾಯೋದು ಬೇಡ" ಎಂದರು. "ಹಚ್ಚಿ."

"ನೀನಿಲ್ದೇನಾ?"

"ಹೂಂ. ನಾನಿಲ್ದೆ."

"ಹಚ್ಚಿದ ಮೇಲೆ ಕೆಲಸ ಶುರುವಾಗುತ್ತಲ್ಲೇ. ಉಂಡೆ ಕಟ್ಟೋರು ಬೇಕಲ್ಲ."

"ಕೈ ನಡುಗಿದ್ರೆ ಕಷ್ಟ ಆಗೋದು ಬ್ರೆಡ್ಡು ಒಳಗಿಡೋ ಹಲಗೆ ಹಿಡಿಯೋಕೆ. ಉಂಡೆ ಕಟ್ಟೋಕೆ ನಡುಗಿದ್ರೆ ಏನಂತೆ? ಇನ್ನೂ ದುಂಡಗೆ ಬರುತ್ತೆ."

ಆ ಕಡೆಯಿಂದ ಒಂದು ಉಸಿರು ಕೇಳಿಸಿತು. ನಗುವೋ ಬೇಸರವೋ ತಿಳಿಯಲಿಲ್ಲ.

"ಮತ್ತೆ ಯಾವಾಗ ಬರೋದು?"

"ನೀರು ಇಳಿದು, ನಾನು ಮುಳುಗಿ ಎದ್ದ ಮೇಲೆ."

ಫೋನು ಇಟ್ಟ ಮೇಲೆ ಅವರು ಸೊಸೆಯ ಕಡೆ ತಿರುಗದೆಯೇ ಹೇಳಿದರು. "ಲಾಡ್ಜಿನವನಿಗೆ ಇನ್ನೊಂದು ವಾರಕ್ಕೆ ಕೋಣೆ ಬೇಕು ಅಂತ ಹೇಳಿಬಿಡು. ಟಿಕೆಟ್ಟಿಗೂ ಏನಾದ್ರೂ ಮಾಡಬೇಕು."

"ಎರಡೂ ನಿನ್ನೆಯೇ ಮಾಡಿ ಆಯ್ತು ಅತ್ತೆ" ಎಂದಳು ಸೊಸೆ.